ಸುರಂಗದ ನೀರು ಕಲ್ಲಾಗುವ ಬಗೆ

ಬಚ್ಚಲುಮನೆಯ ಹಂಡೆಯನ್ನು ಒಮ್ಮೆಯಾದರೂ ಬೆಳಗಿದವರಿಗೆ ಈ ದಿನದ ವಿಷಯದ ಮೊದಲನೆಯ ಪಾಠವು ಆಗಲೇ ಆಗಿದೆ. ಬಾವಿಯ ನೀರನ್ನು ಹಲವು ತಿಂಗಳು ಕಾಯಿಸಿದ ಹಂಡೆಯ ಒಳಮೈಯನ್ನು ಮುಟ್ಟಿ ನೋಡಿದರೆ, ಬೂದಿ ಬೆರೆತ ಬಿಳಿಯ ಬಣ್ಣದ ಒಂದು ಒರಟು ಹಕ್ಕಳೆ ಕೈಗೆ ಹತ್ತುವುದು. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಅದು ಸ್ವಲ್ಪಮಟ್ಟಿಗೆ ಬಿಡುವುದು. ಉಳಿದುದನ್ನು ಕೆರೆದು ತೆಗೆಯಬೇಕು. ಇಂದು ಅನೇಕ ಮನೆಗಳಲ್ಲಿ ಹಂಡೆಯು ಹೋಗಿ ಅದರ ಸ್ಥಾನದಲ್ಲಿ ವಿದ್ಯುತ್ತಿನ ಗೀಸರು ಬಂದಿದೆ. ಆದರೆ ಕೊಳವೆ ಬಾವಿಯ ಗಡಸು ನೀರನ್ನು ಕುಡಿದ ಗೀಸರಿನ ಹೊಟ್ಟೆಯಲ್ಲಿಯೂ ಅದೇ ಹಕ್ಕಳೆಯೇ ಕೂರುವುದು. ನೀರು ತಿಳಿಯಾಗಿತ್ತು, ನಾವು ಅದಕ್ಕೆ ಏನನ್ನೂ ಹಾಕಲಿಲ್ಲ, ಹೀಗಿರಲು ಈ ಕಲ್ಲು ಎಲ್ಲಿಂದ ಬಂದಿತು?

ಇದೇ ಪ್ರಶ್ನೆಯನ್ನು ಆಲ್ಪ್ಸ್ ಪರ್ವತಗಳ ಕೆಳಗೆ ರೈಲ್ವೆ ಸುರಂಗಗಳನ್ನು ಕೊರೆದ ಎಂಜಿನಿಯರುಗಳೂ ಕೇಳಿಕೊಳ್ಳಬೇಕಾಗಿದೆ. ಅವರ ಹಂಡೆ ಮಾತ್ರ ಬಹಳ ಉದ್ದವಾದುದು. ಸ್ವಿಟ್ಜರ್ಲೆಂಡಿನಲ್ಲಿ ೨೦೦೭ರಲ್ಲಿ ತೆರೆದ ಲೋಚ್‌ಬರ್ಗ್ ತಳಸುರಂಗವು ಸುಮಾರು ೩೪ ½ ಕಿಲೋಮೀಟರು ಉದ್ದವಿದೆ. ೨೦೧೬ರಲ್ಲಿ ತೆರೆದ ಗೊಟ್ಹಾರ್ಡ್ ತಳಸುರಂಗವು ೫೭ ಕಿಲೋಮೀಟರು. ಇಂತಹ ಸುರಂಗಗಳ ಬುಡದಲ್ಲಿ, ಪ್ರಯಾಣಿಕರ ಕಣ್ಣಿಗೆ ಬೀಳದಂತೆ, ನೀರನ್ನು ಹೊರಕ್ಕೆ ಸಾಗಿಸುವ ಕೊಳವೆಗಳ ಸಾಲೊಂದು ಹರಿದಿರುವುದು. ಆ ಕೊಳವೆಗಳಲ್ಲಿ ಕಲ್ಲು ಬೆಳೆಯುವುದು ಹೇಗೆ, ಬೆಳೆದರೆ ಆಗುವ ಹಾನಿಯೇನು, ಅದನ್ನು ತಡೆಯಲು ಮಾಡಿರುವ ಉಪಾಯಗಳಾವುವು ಎಂಬುದನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಪರ್ವತವೆಂದರೆ ಒಣಗಿದ ಕಲ್ಲಿನ ರಾಶಿಯೆಂದು ತಿಳಿಯಬಾರದು. ಅದರ ಬಿರುಕುಗಳಲ್ಲೆಲ್ಲ ನೀರು ತುಂಬಿರುವುದು. ಸುರಂಗವನ್ನು ಕೊರೆದ ಕ್ಷಣದಿಂದ, ಸುತ್ತಣ ನೀರಿಗೆಲ್ಲ ಅದು ಸುಲಭವಾದ ಒಂದು ದಾರಿಯಾಗಿ ತೋರುವುದು. ಜನರ ದೃಷ್ಟಿಯಲ್ಲಿ ಅದು ರೈಲಿನ ಮಾರ್ಗವಾದರೂ ನೀರಿನ ದೃಷ್ಟಿಯಲ್ಲಿ ಅದೊಂದು ದೊಡ್ಡ ಚರಂಡಿ. ಆ ನೀರು ಸಾಮಾನ್ಯವಾಗಿ ತಣ್ಣಗಿರುವುದೂ ಇಲ್ಲ. ಗೊಟ್ಹಾರ್ಡಿನಲ್ಲಿ ಸುರಂಗದ ಮೇಲೆ ಒಂದೆಡೆ ೨,೩೦೦ ಮೀಟರುಗಳಷ್ಟು ಬಂಡೆಯಿದೆ. ಅಲ್ಲಿ ಬಂಡೆಯ ಶಾಖವು ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ೧೯೦೬ರಲ್ಲಿ ತೆರೆದ ಸಿಂಪ್ಲಾನ್ ಸುರಂಗವನ್ನು ಅಗೆದವರು ಇನ್ನೂ ಹೆಚ್ಚಿನ ಶಾಖದಲ್ಲಿ, ಬಿಸಿನೀರಿನ ಬುಗ್ಗೆಗಳ ನಡುವೆ ಕೆಲಸ ಮಾಡಬೇಕಾಯಿತು. ಲೋಚ್‌ಬರ್ಗಿನಿಂದ ಹೊರಬರುವ ಬೆಚ್ಚನೆಯ ನೀರನ್ನು ಹಾಗೆಯೇ ಕಾಂಡರ್ ಹೊಳೆಗೆ ಬಿಟ್ಟರೆ ಅಲ್ಲಿಯ ಟ್ರೌಟ್ ಮೀನುಗಳಿಗೆ ಕೇಡೆಂದು ಕಂಡುಬಂದುದರಿಂದ, ಫ್ರೂಟಿಗೆನ್ ಎಂಬ ಊರಿನಲ್ಲಿ ೨೦೦೯ರಲ್ಲಿ ಒಂದು ಗಾಜಿನ ಮನೆಯನ್ನು ತೆರೆದು, ಆ ಶಾಖದಿಂದ ಉಷ್ಣದೇಶದ ಹಣ್ಣಿನ ಗಿಡಗಳನ್ನೂ ಸ್ಟರ್ಜನ್ ಎಂಬ ಮೀನನ್ನೂ ಬೆಳೆಸಿದರು. ಹಿಮದ ನಾಡಿನಲ್ಲಿ ಚರಂಡಿಯ ನೀರಿನಿಂದ ಬಾಳೆಯ ಗಿಡ ಬೆಳೆದುದನ್ನು ಕೇಳಿದರೆ ನಮ್ಮ ತೋಟಗಾರರು ನಗಬಹುದು.

ನೀರನ್ನು ಹೊರಕ್ಕೆ ಬಿಡುವ ಈ ಗೊಡವೆಯಾದರೂ ಏಕೆ, ಸುರಂಗದ ಗೋಡೆಯನ್ನು ಬಿಗಿಯಾಗಿ ಕಟ್ಟಿ ನೀರನ್ನು ಆಚೆಯೇ ತಡೆಯಬಾರದೆ, ಎಂದು ಕೇಳಬಹುದು. ಆಳವಿಲ್ಲದ ಸುರಂಗಗಳಲ್ಲಿ ಹಾಗೆ ಮಾಡುವುದುಂಟು. ಆದರೆ ಲೆಕ್ಕವನ್ನು ನೋಡಿ. ಹತ್ತು ಮೀಟರು ಎತ್ತರದ ನೀರು ತನ್ನ ಬುಡದಲ್ಲಿ ಒಂದು ಚದರ ಮೀಟರಿಗೆ ಹತ್ತು ಟನ್ನುಗಳ ಒತ್ತಡವನ್ನು ಹಾಕುವುದು. ನೂರು ಮೀಟರಿಗೆ ಅದು ನೂರು ಟನ್ನು. ಬೆಟ್ಟದೊಳಗೆ ನೂರಾರು ಮೀಟರು ಎತ್ತರದವರೆಗೆ ನೀರು ನಿಂತಿರುವಾಗ, ಆ ಭಾರವನ್ನು ತಡೆಯಬಲ್ಲ ಗೋಡೆಯನ್ನು ಕಟ್ಟುವುದು ಅಸಾಧ್ಯವಲ್ಲವಾದರೂ ಅದಕ್ಕೆ ತಗಲುವ ವೆಚ್ಚಕ್ಕೆ ಮಿತಿಯಿಲ್ಲ. ಆದುದರಿಂದ ಆಳವಾದ ಸುರಂಗಗಳಲ್ಲಿ ಎಂಜಿನಿಯರುಗಳು ನೀರಿನೊಡನೆ ಹೋರಾಡುವುದನ್ನು ಬಿಟ್ಟು ಅದಕ್ಕೆ ದಾರಿ ಕೊಡುವರು. ಗೋಡೆಯು ಬಂಡೆಯ ಭಾರವನ್ನು ಹೊರುವುದಕ್ಕೆ ಮಾತ್ರ ತಕ್ಕಷ್ಟು ದಪ್ಪವಾಗಿರುವುದು. ನೀರಿನ ಭಾರವು ಅದರ ಮೇಲೆ ಬೀಳುವುದೇ ಇಲ್ಲವೆಂಬ ನಂಬಿಕೆಯ ಮೇಲೆ ಅದನ್ನು ಕಟ್ಟಿರುವರು. ಆ ನಂಬಿಕೆಗೆ ಆಧಾರವಾಗಿರುವುದು ಒಂದೆರಡು ಗೇಣು ಅಗಲದ ಕೊಳವೆಗಳು. ಕೊಳವೆಯು ಕಟ್ಟಿಕೊಂಡರೆ ಗೋಡೆಯ ಹಿಂದೆ ನೀರು ಏರುವುದು. ಏರಿದ ನೀರು ಗೋಡೆಯನ್ನು ಒಳಕ್ಕೆ ನೂಕುವುದು, ನೆಲವನ್ನು ಮೇಲಕ್ಕೆ ಎತ್ತುವುದು, ಬಿರುಕಿನಲ್ಲಿ ಜಿನುಗಿ ಹಳಿಯ ಮೇಲೆ ಬೀಳುವುದು. ಚಳಿಗಾಲದಲ್ಲಿ ಸುರಂಗದ ಬಾಯಿಯ ಬಳಿ ಅದು ಹೆಪ್ಪುಗಟ್ಟಿ ಕೊಂಬಿನಂತೆ ಇಳಿಬೀಳುವುದು. ಕೊಳವೆಯ ಹಕ್ಕಳೆಯನ್ನು ಕುರಿತು ಇಷ್ಟು ಮಾತನಾಡಬೇಕಾಗಿರುವುದು ಈ ಕಾರಣದಿಂದ.

ನೀರು ಬರುವ ದಾರಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುವುದು ಅವಶ್ಯ. ಬಂಡೆಯನ್ನು ಕೊರೆದ ಕೂಡಲೆ, ಅದು ಕುಸಿಯದಂತೆ ಅದರ ಮೈಗೆ ಕಾಂಕ್ರೀಟನ್ನು ಎರಚುವರು. ಅದರ ಮೇಲೆ ಕಂಬಳಿಯಂತಹ ಒಂದು ಬಟ್ಟೆಯನ್ನೂ, ಅದರ ಮೇಲೆ ನೀರು ಹೊಗದ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸುವರು. ಕಡೆಯದಾಗಿ ಒಳಗಿನ ದಪ್ಪ ಕಾಂಕ್ರೀಟಿನ ಗೋಡೆಯನ್ನು ಕಟ್ಟುವರು. ನಮಗೆ ಕಾಣುವುದು ಇದೊಂದೇ. ಬಂಡೆಯಿಂದ ಹೊರಟ ನೀರು ಎರಚಿದ ಕಾಂಕ್ರೀಟನ್ನು ತೂರಿ, ಪ್ಲಾಸ್ಟಿಕ್ ಹಾಳೆಯ ಹಿಂಭಾಗದಲ್ಲಿ ಕಂಬಳಿಯ ಮೂಲಕ ಕೆಳಕ್ಕೆ ಇಳಿದು, ಎರಡು ಪಕ್ಕಗಳಲ್ಲಿಯೂ ಜಲ್ಲಿಯಲ್ಲಿ ಹೂತಿರುವ ತೂತು ಕೊಳವೆಗಳನ್ನು ಸೇರುವುದು. ಅಲ್ಲಲ್ಲಿ ಇಟ್ಟಿರುವ ಗುಂಡಿಗಳ ಮೂಲಕ ಅಲ್ಲಿಂದ ನಡುವಿನ ದೊಡ್ಡ ಕೊಳವೆಗೆ ಬಿದ್ದು ಹೊರಕ್ಕೆ ಹರಿದುಹೋಗುವುದು. ಈ ದಾರಿಯಲ್ಲಿ ಎರಡು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಒಂದು, ನೀರು ತನ್ನ ಜನ್ಮದಲ್ಲಿ ಮೊದಲನೆಯ ಬಾರಿಗೆ ಸುರಂಗದ ಗಾಳಿಯನ್ನು ಸಂಧಿಸುವುದು. ಎರಡು, ಅದು ಮನುಷ್ಯನು ಮಾಡಿದ ಸಿಮೆಂಟನ್ನು ಮುಟ್ಟಿಕೊಂಡು ಬರುವುದು.

ಈಗ ರಸಾಯನಶಾಲೆಗೆ ಬರೋಣ. ಕಾಲೇಜಿನ ಮೊದಲನೆಯ ತರಗತಿಯಲ್ಲಿ ನಾವು ಹುಡುಗರಿಗೆ ತೋರಿಸುವ ಒಂದು ಪ್ರಯೋಗದಲ್ಲಿ ಈ ಕಥೆಯೆಲ್ಲವೂ ಅಡಗಿದೆ. ಗಾಜಿನ ಕೊಳವೆಯಲ್ಲಿ ಸುಣ್ಣದ ತಿಳಿಯನ್ನು ತೆಗೆದುಕೊಂಡು ಅದರೊಳಕ್ಕೆ ಬಾಯಿಂದ ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದು. ನಮ್ಮ ಉಸಿರಿನಲ್ಲಿರುವ ಅಂಗಾರಾಮ್ಲವಾಯುವು ಸುಣ್ಣದೊಡನೆ ಕೂಡಿ, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಆಗಿ, ನುಣ್ಣನೆಯ ಪುಡಿಯಾಗಿ ತೇಲುವುದು. ಸುಣ್ಣಕಲ್ಲು, ಅಮೃತಶಿಲೆ, ಕಪ್ಪೆಚಿಪ್ಪು, ಹಂಡೆಯ ಹಕ್ಕಳೆ ಎಲ್ಲವೂ ಈ ಪದಾರ್ಥವೇ. ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸುವವರು ಅರ್ಧ ಕಥೆಯನ್ನು ಮಾತ್ರ ಕೇಳಿದವರು. ಅಮೃತಶಿಲೆಯ ಚೂರಿಗೆ ಆಮ್ಲವನ್ನು ಹಾಕಿ, ಅದರಿಂದ ಹೊರಡುವ ಅಂಗಾರಾಮ್ಲವಾಯುವನ್ನು ಆ ಹಾಲಿನೊಳಕ್ಕೆ ಬಹಳ ಹೊತ್ತು ಹಾಯಿಸುತ್ತ ಹೋದರೆ, ಹಾಲು ಮತ್ತೆ ತಿಳಿಯಾಗುವುದು! ವಾಯುವು ಹೆಚ್ಚಾದುದರಿಂದ ಕಾರ್ಬೊನೇಟು ಬೈಕಾರ್ಬೊನೇಟಾಗಿ ಕರಗಿಹೋಯಿತು. ಈ ತಿಳಿನೀರನ್ನು ಕಾಯಿಸಿದರೆ ವಾಯುವು ಗುಳ್ಳೆಗುಳ್ಳೆಯಾಗಿ ಹೊರಟುಹೋಗಿ, ಬಿಳುಪು ಮರಳಿ ಬರುವುದು. ಕಾಯಿಸುವ ಬದಲು ಅದೇ ತಿಳಿನೀರಿಗೆ ಹೊಸದಾಗಿ ಸ್ವಲ್ಪ ಸುಣ್ಣದ ತಿಳಿಯನ್ನು ಬೆರೆಸಿದರೂ ಆಗಲೂ ಬಿಳುಪು ಬರುವುದು. ತಿಳಿಯಾದ ಎರಡು ನೀರುಗಳು ಕೂಡಿ ಕಲ್ಲನ್ನು ಹಡೆದವು.

ಪರ್ವತದಲ್ಲಿ ನಡೆಯುವುದು ಇದೇ. ಮಳೆಯ ನೀರು ಗಾಳಿಯಿಂದ ತೆಗೆದುಕೊಳ್ಳುವ ಅಂಗಾರಾಮ್ಲವಾಯು ಸ್ವಲ್ಪವೇ. ಗಾಳಿಯಲ್ಲಿ ಅದು ಹತ್ತುಸಾವಿರ ಪಾಲಿಗೆ ನಾಲ್ಕು ಪಾಲಿಗಿಂತ ಸ್ವಲ್ಪ ಮಾತ್ರ ಹೆಚ್ಚಾಗಿದೆ. ಆದರೆ ಮಣ್ಣಿನೊಳಗೆ ಬೇರುಗಳೂ ಅಸಂಖ್ಯ ಸೂಕ್ಷ್ಮಜೀವಿಗಳೂ ಉಸಿರಾಡುತ್ತಿರುವುದರಿಂದ ಅಲ್ಲಿಯ ಗಾಳಿಯಲ್ಲಿ ಈ ವಾಯುವು ಹತ್ತಾರು ಪಟ್ಟು ಹೆಚ್ಚಾಗಿರುವುದು. ಅದರ ಮೂಲಕ ಇಳಿದ ನೀರು ಮೊನಚಾದ ಆಮ್ಲಗುಣವನ್ನು ಪಡೆದು, ಕೆಳಗಿನ ಸುಣ್ಣಕಲ್ಲನ್ನು ಕರಗಿಸಿಕೊಳ್ಳುತ್ತ ಆಳಕ್ಕೆ ಹೋಗುವುದು. ಶುದ್ಧವಾದ ನೀರಿನ ಒಂದು ಲೀಟರಿನಲ್ಲಿ ಸುಣ್ಣಕಲ್ಲು ಹದಿನಾಲ್ಕು ಮಿಲಿಗ್ರಾಮುಗಳಷ್ಟು ಮಾತ್ರ ಕರಗುವುದು. ಈ ವಾಯುವಿನ ಸಹಾಯವಿದ್ದರೆ ಇನ್ನೂರು ಮುನ್ನೂರು ಮಿಲಿಗ್ರಾಮುಗಳು ಕರಗುವುದು ಸಾಮಾನ್ಯ. ಬಂಡೆಯ ಬಿರುಕುಗಳಲ್ಲಿ ವಾಯುವು ತಪ್ಪಿಸಿಕೊಂಡು ಹೋಗಲು ಎಡೆಯಿಲ್ಲ. ಆದುದರಿಂದ ನೀರು ತನ್ನ ಸುಣ್ಣವನ್ನು ಹೊತ್ತುಕೊಂಡೇ ಸಾವಿರಾರು ವರ್ಷಗಳವರೆಗೂ ಅಲ್ಲಿ ಸುಮ್ಮನಿರಬಲ್ಲುದು.

ಹಾಗಿರುವ ನೀರು ಗೋಲಿಸೋಡದ ಬಾಟಲಿಗೆ ಸಮಾನ. ಬಾಟಲಿ ಮುಚ್ಚಿರುವವರೆಗೆ ವಾಯುವು ನೀರಿನಲ್ಲಿ ಅಡಗಿಕೊಂಡಿರುವುದು. ಗೋಲಿಯನ್ನು ಒತ್ತಿದ ಕೂಡಲೆ ಬುಸುಗುಟ್ಟಿ ಹೊರಬರುವುದು. ಸುರಂಗವನ್ನು ಕೊರೆದವರು ಬೆಟ್ಟದ ಗೋಲಿಯನ್ನು ಒತ್ತಿದವರು. ಅಂಗಾರಾಮ್ಲವಾಯುವು ಗಾಳಿಗೆ ಹೊರಟುಹೋಗುವುದು. ಅದನ್ನು ನೆಮ್ಮಿಕೊಂಡಿದ್ದ ಸುಣ್ಣವು ನೀರಿನಲ್ಲಿ ನಿಲ್ಲಲಾರದೆ ಕೊಳವೆಯ ಮೈಗೆ ಅಂಟುವುದು. ಸೋಡವನ್ನು ಎತ್ತರದಿಂದ ಲೋಟಕ್ಕೆ ಸುರಿದರೆ ಹೆಚ್ಚು ನೊರೆ ಏಳುವುದಲ್ಲವೆ? ಹಾಗೆಯೇ ಸುರಂಗದಲ್ಲಿಯೂ ನೀರು ಎತ್ತರದಿಂದ ಬಿದ್ದು ಚದುರುವ ಕಡೆ, ಕೊಳವೆಯ ಕೀಲಿನಲ್ಲಿ ಎಡವಿ ಸುಳಿಯುವ ಕಡೆ, ಗುಂಡಿಯೊಳಕ್ಕೆ ಧುಮುಕುವ ಕಡೆ, ತೆಳ್ಳಗೆ ಹರಡಿ ಹರಿಯುವ ಕಡೆ ಹಕ್ಕಳೆಯು ಹೆಚ್ಚಾಗಿ ಬೆಳೆಯುವುದು. ಒಮ್ಮೆ ಒಂದು ಪದರವು ಕುಳಿತಿತೆಂದರೆ ಅದರ ಒರಟು ಮೈಯೇ ಮುಂದಿನ ಹರಳುಗಳಿಗೆ ಪೀಠವಾಗುವುದು. ಹರಳಿಗೆ ಹರಳು ಅಂಟುವುದು ನುಣುಪಾದ ಪ್ಲಾಸ್ಟಿಕ್ಕಿಗೆ ಅಂಟುವುದಕ್ಕಿಂತ ಸುಲಭ. ಬೆಚ್ಚನೆಯ ಸುರಂಗದಲ್ಲಿ ವಾಯುವು ಇನ್ನೂ ಬೇಗ ಬಿಟ್ಟುಹೋಗುವುದು. ನೀರು ಆವಿಯಾಗಿ ಹೋಗುವುದರಿಂದ ಸುಣ್ಣವು ಉಳಿಯುವುದೆಂದು ಅನೇಕರು ಊಹಿಸುವರು. ಸುರಂಗದ ತೇವದ ಗಾಳಿಯಲ್ಲಿ ಆವಿಯಾಗುವ ನೀರು ಅತ್ಯಲ್ಪ, ಆ ಕಾರಣವು ಗೌಣ.

ಇದಿಷ್ಟೇ ಆಗಿದ್ದರೆ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಮಾತ್ರ ಈ ತೊಂದರೆ ಇರಬೇಕಾಗಿತ್ತು. ಆದರೆ ಸುಣ್ಣವು ಬಹು ಕಡಿಮೆಯಾಗಿರುವ ಬಂಡೆಗಳಲ್ಲಿ ಕೊರೆದ ಸುರಂಗಗಳ ಕೊಳವೆಗಳೂ ಕಟ್ಟಿಕೊಂಡುದನ್ನು ಕಂಡು ಎಂಜಿನಿಯರುಗಳು ಆಶ್ಚರ್ಯಪಟ್ಟರು. ಅಲ್ಲಿ ಸುಣ್ಣವನ್ನು ಕೊಟ್ಟವರು ಅವರೇ! ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ, ಬಲವನ್ನು ಕೊಡುವ ಪದಾರ್ಥದ ಜೊತೆಗೆ, ಅರಳಿದ ಸುಣ್ಣವೂ ಹೇರಳವಾಗಿ ಹುಟ್ಟುವುದು. ಗಟ್ಟಿಯಾದ ಸಿಮೆಂಟಿನಲ್ಲಿ ಐದನೆಯ ಒಂದು ಪಾಲಿನಷ್ಟಾದರೂ ಅದೇ ಇರುವುದು. ನಾವು ತಾಂಬೂಲಕ್ಕೆ ಹಚ್ಚುವ ಸುಣ್ಣಕ್ಕೂ ಇದಕ್ಕೂ ಭೇದವಿಲ್ಲ. ಈ ಸುಣ್ಣವು ಒಂದು ಲೀಟರು ನೀರಿನಲ್ಲಿ ಒಂದೂವರೆ ಗ್ರಾಮಿಗೂ ಮಿಗಿಲಾಗಿ ಕರಗಬಲ್ಲುದು, ಎಂದರೆ ಸುಣ್ಣಕಲ್ಲಿನ ನೂರು ಪಟ್ಟು. ಬಂಡೆಯಿಂದ ಬಂದ ನೀರು ಎರಚಿದ ಕಾಂಕ್ರೀಟಿನ ರಂಧ್ರಗಳಲ್ಲಿ ನುಸುಳುವಾಗ ಅದನ್ನು ತೊಳೆದುಕೊಂಡು ಬಂದು, ಕೊಳವೆಯನ್ನು ಸೇರುವ ವೇಳೆಗೆ ರಸಾಯನಶಾಲೆಯ ಸುಣ್ಣದ ತಿಳಿಯೇ ಆಗಿರುವುದು.

ಕಾಂಕ್ರೀಟನ್ನು ಎರಚುವ ಈ ಪದ್ಧತಿಯ ಹುಟ್ಟು ವಿನೋದವಾಗಿದೆ. ಅದನ್ನು ಕಂಡುಹಿಡಿದವನು ಎಂಜಿನಿಯರನಲ್ಲ. ಸತ್ತ ಪ್ರಾಣಿಗಳ ಚರ್ಮವನ್ನು ತುಂಬಿ ವಸ್ತುಪ್ರದರ್ಶನ ಶಾಲೆಯಲ್ಲಿ ನಿಲ್ಲಿಸುತ್ತಿದ್ದ ಕಾರ್ಲ್ ಏಕ್ಲಿ ಎಂಬ ಅಮೆರಿಕದವನು. ೧೯೦೭ರಲ್ಲಿ ಷಿಕಾಗೋವಿನ ಪ್ರದರ್ಶನ ಶಾಲೆಯ ಹಾಳಾದ ಗೋಡೆಗಳಿಗೆ ಗಾರೆ ಮೆತ್ತುವುದಕ್ಕಾಗಿ ಅವನು ಒತ್ತುಗಾಳಿಯ ಒಂದು ಯಂತ್ರವನ್ನು ಮಾಡಿದನು. ೧೯೧೧ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಬೆಟ್ಟದ ಮೈ ಕುಸಿಯುವ ಮೊದಲೇ ಅದನ್ನು ಹಿಡಿದು ನಿಲ್ಲಿಸಲು ಇದಕ್ಕಿಂತ ಅನುಕೂಲವಾದ ಉಪಾಯವಿಲ್ಲವೆಂದು ಕಂಡು, ಆಸ್ಟ್ರಿಯದ ಎಂಜಿನಿಯರುಗಳು ಇಪ್ಪತ್ತನೆಯ ಶತಮಾನದ ಮಧ್ಯದಿಂದ ಇದನ್ನು ಸುರಂಗಗಳಲ್ಲಿ ಧಾರಾಳವಾಗಿ ಬಳಸತೊಡಗಿದರು. ಎರಚಿದುದು ಕೆಳಕ್ಕೆ ಬೀಳದೆ ಕೂಡಲೆ ಬಿಗಿದುಕೊಳ್ಳಬೇಕೆಂದು ಅದಕ್ಕೆ ಕ್ಷಾರಪದಾರ್ಥಗಳನ್ನು ಬೆರೆಸುತ್ತಿದ್ದರು. ಇದರಿಂದ ಕೆಲಸವೇನೋ ಬೇಗ ಆಯಿತು. ಕಾಂಕ್ರೀಟಿನಿಂದ ಸುಣ್ಣವು ತೊಳೆದುಹೋಗುವುದೂ ಹೆಚ್ಚಿತು.

ಸಿಮೆಂಟಿನ ಈ ನೀರು ಸುಣ್ಣಕಲ್ಲಿನಿಂದ ಬಂದ ಗಡಸು ನೀರನ್ನು ಸಂಧಿಸುವುದೇ ಎಲ್ಲಕ್ಕಿಂತ ಕೆಟ್ಟ ಸಂದರ್ಭ. ೧೮೪೧ರಲ್ಲಿ ಅಬರ್ಡೀನಿನ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ ಎಂಬಾತನು ಗಡಸು ನೀರನ್ನು ಮೆದುಮಾಡುವ ಒಂದು ವಿಧಾನಕ್ಕೆ ಪೇಟೆಂಟನ್ನು ಪಡೆದನು. ಸುಣ್ಣದ ದೋಷವಿರುವ ನೀರಿಗೆ ಇನ್ನಷ್ಟು ಸುಣ್ಣವನ್ನೇ ಹಾಕಬೇಕೆಂಬುದು ಅವನ ಉಪಾಯ. ಕೇಳುವವರಿಗೆ ಇದು ವಿಪರೀತವಾಗಿ ತೋರಬಹುದು. ಆದರೆ ಹಾಕಿದ ಸುಣ್ಣವು ನೀರಿನಲ್ಲಿ ಅಡಗಿದ್ದ ಅಂಗಾರಾಮ್ಲವಾಯುವನ್ನು ಕಸಿದುಕೊಳ್ಳುವುದರಿಂದ, ಹಳೆಯ ಸುಣ್ಣವೂ ಹೊಸ ಸುಣ್ಣವೂ ಎರಡೂ ಕಲ್ಲಿನ ಪುಡಿಯಾಗಿ ತೊಟ್ಟಿಯ ತಳಕ್ಕೆ ಇಳಿದು, ಮೇಲಿನ ನೀರು ಮೆದುವಾಗುವುದು. ಕ್ಲಾರ್ಕನು ತೊಟ್ಟಿಯಲ್ಲಿ ಬೇಕೆಂದು ಮಾಡಿದುದೇ ಸುರಂಗದ ಕೊಳವೆಯಲ್ಲಿ ಬೇಡವಾಗಿ ನಡೆಯುತ್ತಿದೆ. ಅಲ್ಲಿಂದ ಹೊರಬರುವ ನೀರು ಒಳಬಂದ ನೀರಿಗಿಂತ ಮೆದುವಾಗಿರುವುದು; ವ್ಯತ್ಯಾಸವು ಕೊಳವೆಯಲ್ಲಿ ಕುಳಿತಿರುವುದು.

ಗಡಸು ನೀರಿನ ಸಂಪರ್ಕವೇ ಇಲ್ಲದಿದ್ದರೂ ಸಿಮೆಂಟಿನ ನೀರು ಸುಮ್ಮನಿರದು. ಸುರಂಗದ ಗಾಳಿಯಿಂದಲೇ ಅಂಗಾರಾಮ್ಲವಾಯುವನ್ನು ಹೀರಿ, ನಾವು ಊದಿದ ಸುಣ್ಣದ ತಿಳಿಯಂತೆ ಅದು ಬೆಳ್ಳಗಾಗುವುದು. ಮೊದಲನೆಯ ಬಗೆಯಲ್ಲಿ ನೀರು ವಾಯುವನ್ನು ಕಳೆದುಕೊಂಡು ಕಲ್ಲನ್ನು ಕೊಟ್ಟಿತು. ಈ ಬಗೆಯಲ್ಲಿ ವಾಯುವನ್ನು ಪಡೆದು ಕಲ್ಲನ್ನು ಕೊಡುವುದು. ಇದನ್ನು ನೋಡಲು ಆಲ್ಪ್ಸಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಸೋರುವ ಕಾಂಕ್ರೀಟು ತಾರಸಿಯ ಕೆಳಗೋ, ಹಳೆಯ ಮೇಲ್ಸೇತುವೆಯ ಕೆಳಗೋ ತಲೆಯೆತ್ತಿ ನೋಡಿದರೆ, ಬಿಳಿಯ ಬಳಿಕೆಗಳನ್ನೂ ಹುಲ್ಲಿನ ಕಡ್ಡಿಯಷ್ಟು ತೆಳುವಾದ ಟೊಳ್ಳು ಕೊಳವೆಗಳು ಜೋತುಬಿದ್ದಿರುವುದನ್ನೂ ಕಾಣಬಹುದು. ಬೆಟ್ಟದ ಗುಹೆಗಳಲ್ಲಿ ಇಳಿಬೀಳುವ ಸುಣ್ಣದ ಕೊಂಬುಗಳು ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಬೆಳೆಯುವುದೇ ಹೆಚ್ಚು. ಕಾಂಕ್ರೀಟಿನಿಂದ ಇಳಿದ ಈ ಕಡ್ಡಿಗಳು ಅನುಕೂಲ ಒದಗಿದಾಗ ದಿನಕ್ಕೆ ಒಂದೆರಡು ಮಿಲಿಮೀಟರು ಬೆಳೆದುದನ್ನು ಅಳೆದಿದ್ದಾರೆ.

ಸ್ವಲ್ಪ ಅಂಕಗಣಿತವನ್ನು ಮಾಡೋಣ. ಒಂದು ಕೊಳವೆಯಲ್ಲಿ ಸೆಕೆಂಡಿಗೆ ಒಂದೇ ಲೀಟರು ನೀರು ಹರಿಯುವುದೆಂದೂ, ಪ್ರತಿ ಲೀಟರೂ ಐವತ್ತು ಮಿಲಿಗ್ರಾಮು ಸುಣ್ಣವನ್ನು ಮಾತ್ರ ದಾರಿಯಲ್ಲಿ ಬಿಡುವುದೆಂದೂ ಇಟ್ಟುಕೊಳ್ಳಿ. ಐವತ್ತು ಮಿಲಿಗ್ರಾಮೆಂದರೆ ಒಂದು ಚಿಟಿಕೆಗೂ ಕಡಿಮೆ. ಆದರೆ ದಿನಕ್ಕೆ ೮೬,೪೦೦ ಸೆಕೆಂಡುಗಳಿರುವುದರಿಂದ ದಿನವೊಂದಕ್ಕೆ ನಾಲ್ಕು ಕಿಲೋಗ್ರಾಮಿಗೂ ಹೆಚ್ಚಾಯಿತು; ವರ್ಷಕ್ಕೆ ಒಂದೂವರೆ ಟನ್ನನ್ನು ಮೀರಿತು. ಅಷ್ಟನ್ನೂ ಗಟ್ಟಿಯಾದ ಕಲ್ಲಾಗಿ ಒಂದೆಡೆ ಸೇರಿಸಿದರೆ, ೨೦ ಸೆಂಟಿಮೀಟರು ಅಡ್ಡಳತೆಯ ಕೊಳವೆಯು ಸುಮಾರು ೧೮ ಮೀಟರು ಉದ್ದಕ್ಕೆ ಪೂರ್ತಿಯಾಗಿ ತುಂಬಿಹೋಗುವುದು. ವಾಸ್ತವವಾಗಿ ಅದು ಹಾಗೆ ಒಂದೆಡೆ ಸೇರುವುದಿಲ್ಲ, ಬಹುಭಾಗವು ನೀರಿನೊಡನೆ ಕೆಸರಾಗಿ ಕೊಚ್ಚಿಹೋಗುವುದು. ಆದರೂ ಕಟ್ಟಿಕೊಳ್ಳುವುದಕ್ಕೆ ಒಂದು ಮೀಟರು ತುಂಬಿದರೆ ಸಾಕಷ್ಟೆ.

ಕೂತ ಹಕ್ಕಳೆಯೆಲ್ಲವೂ ಒಂದೇ ಬಗೆಯದಲ್ಲ. ಸಿಮೆಂಟಿನ ನೀರು ಗಡಸು ನೀರಿನೊಡನೆ ಒಮ್ಮೆಲೇ ಬೆರೆತ ಕಡೆ ಕಲ್ಲು ಅವಸರದಲ್ಲಿ ಹುಟ್ಟುವುದರಿಂದ ಅದು ಮೊಸರಿನಂತಹ ಮೆತ್ತನೆಯ ಕೆಸರಾಗಿರುವುದು. ನೀರು ನಿಧಾನವಾಗಿ ವಾಯುವನ್ನು ಬಿಟ್ಟ ಕಡೆ ಹರಳುಗಳು ಒತ್ತಾಗಿ ಹೆಣೆದುಕೊಂಡು ಉಳಿಯಿಂದ ಹೊಡೆದರೂ ಏಳದಂತೆ ಬೆಳೆಯುವುವು. ಮೆತ್ತನೆಯದನ್ನು ಬಿಟ್ಟರೆ ಅದೂ ಕಾಲಕ್ರಮದಲ್ಲಿ ಗಟ್ಟಿಯಾಗುವುದು. ಕೆಲವು ಸುರಂಗಗಳಲ್ಲಿ ನೀರಿನ ಕಬ್ಬಿಣವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಕಾವಿಯ ಬಣ್ಣದ ಲೋಳೆಯನ್ನು ಕಟ್ಟುವುದುಂಟು. ಅದರ ಕಥೆಯೇ ಬೇರೆ.

ನೆಲದೊಳಗಣ ಕಾಲುವೆಯಲ್ಲಿ ಕಲ್ಲು ಬೆಳೆಯುವುದು ಹೊಸ ಸಂಗತಿಯೇನಲ್ಲ. ಫ್ರಾನ್ಸಿನ ನೀಮ್ ಪಟ್ಟಣಕ್ಕೆ ರೋಮನರು ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಐವತ್ತು ಕಿಲೋಮೀಟರು ದೂರದಿಂದ ತಂದ ನೀರಿನ ಕಾಲುವೆಯಲ್ಲಿ ಸುಣ್ಣದ ಪದರವು ಕೆಲವೆಡೆ ಒಂದು ಮೊಳದಷ್ಟು ದಪ್ಪವಾಗಿ ಬೆಳೆದು ಕಾಲುವೆಯನ್ನು ಇಕ್ಕಟ್ಟು ಮಾಡಿತು. ಜರ್ಮನಿಯ ಐಫೆಲ್ ಬೆಟ್ಟಗಳಿಂದ ಕಲೋನ್ ನಗರಕ್ಕೆ ಅವರೇ ತಂದ ೯೫ ಕಿಲೋಮೀಟರು ಉದ್ದದ ಕಾಲುವೆಯು ಬಹುಮಟ್ಟಿಗೆ ನೆಲದೊಳಗೇ ಹರಿಯುತ್ತಿತ್ತು. ಅದು ಕೆಲಸ ಮಾಡಿದ ಸುಮಾರು ಇನ್ನೂರು ವರ್ಷಗಳಲ್ಲಿ ಅದರೊಳಗೆ ೩೦ ಸೆಂಟಿಮೀಟರುಗಳವರೆಗೆ ಕಲ್ಲು ಕೂತಿತು. ವರ್ಷಕ್ಕೆ ಎರಡು ಮಿಲಿಮೀಟರೂ ಇಲ್ಲ. ಸಾವಿರ ವರ್ಷಗಳ ತರುವಾಯ, ಸುತ್ತಮುತ್ತ ಅಮೃತಶಿಲೆ ದೊರೆಯದ ಕಾರಣ, ಜನರು ಆ ಕಾಲುವೆಯನ್ನು ಒಡೆದು ಅದರ ಹಕ್ಕಳೆಯನ್ನು ಹಲಗೆಹಲಗೆಯಾಗಿ ಕೊಯ್ದು, ಮೆರುಗು ಕೊಟ್ಟು, ಕ್ರೈಸ್ತ ದೇವಾಲಯಗಳ ಕಂಬಗಳಿಗೂ ಪೂಜಾಪೀಠಗಳಿಗೂ ಉಪಯೋಗಿಸಿದರು. ಕಂದುಬಣ್ಣದ ಗೆರೆಗಳಿಂದ ಕೂಡಿದ ಆ ಕಲ್ಲು ಬಹು ಸೊಗಸಾಗಿದೆ. ಆದರೆ ಸಿಮೆಂಟಿನ ನೀರು ಹರಿಯುವ ಇಂದಿನ ಕೊಳವೆಗಳು ಇನ್ನೂರು ವರ್ಷ ಕಾಯುವುದಿಲ್ಲ. ಕೆಲವೇ ವರ್ಷಗಳಲ್ಲಿ, ಕೆಟ್ಟ ಜಾಗಗಳಲ್ಲಿ ತಿಂಗಳುಗಳಲ್ಲಿಯೇ, ಕಟ್ಟಿಕೊಳ್ಳುವುವು.

ಕಟ್ಟಿಕೊಂಡುದನ್ನು ಬಿಡಿಸುವುದು ಶ್ರಮದ ಕೆಲಸ. ರಾತ್ರಿಯಲ್ಲಿ ರೈಲುಗಳು ನಿಂತ ಕೆಲವು ಗಂಟೆಗಳಲ್ಲಿ, ಅಥವಾ ವಾರದ ಕೊನೆಯಲ್ಲಿ ಒಂದು ಹಳಿಯನ್ನು ಮುಚ್ಚಿ, ಕೆಲಸಗಾರರು ಗುಂಡಿಗಳ ಮೂಲಕ ಕೊಳವೆಯೊಳಕ್ಕೆ ರಬ್ಬರಿನ ನಾಳವನ್ನು ಬಿಟ್ಟು, ನೂರು ವಾಯುಭಾರ ಅಥವಾ ಅದಕ್ಕೂ ಮಿಗಿಲಾದ ಒತ್ತಡದಲ್ಲಿ ನೀರನ್ನು ಚಿಮ್ಮಿಸುವರು. ಅದಕ್ಕೆ ಜಗ್ಗದ ಕಲ್ಲನ್ನು ಗಿರಗಿರನೆ ತಿರುಗುವ ಸರಪಳಿಗಳಿಂದ ಬಡಿದು ಒಡೆಯುವರು. ಕಲ್ಲಿನ ಜೊತೆಗೆ ಕೊಳವೆಯೂ ಒಡೆಯಬಹುದು. ಗೀಚುಬಿದ್ದ ಕೊಳವೆಯಲ್ಲಿ ಮುಂದಿನ ಹಕ್ಕಳೆಯು ಇನ್ನೂ ಚೆನ್ನಾಗಿ ಹಿಡಿಯುವುದು. ಹಂಡೆಗೆ ಹುಣಿಸೆಹಣ್ಣನ್ನು ಹಾಕಿದಂತೆ ಇಲ್ಲಿಯೂ ಆಮ್ಲವನ್ನು ಹಾಕಬಾರದೆ ಎಂದರೆ, ಆಮ್ಲವು ಹಕ್ಕಳೆಯನ್ನೂ ಕಾಂಕ್ರೀಟನ್ನೂ ಭೇದವಿಲ್ಲದೆ ತಿನ್ನುವುದು, ಉಳಿದುದು ಹೊಳೆಯನ್ನು ಸೇರುವುದು. ಎಲ್ಲಕ್ಕಿಂತ ಕಷ್ಟವಾದುದು ಹಾಳೆಯ ಹಿಂದಿನ ಕಂಬಳಿಯೂ ಜಲ್ಲಿಯೂ ಕಟ್ಟಿಕೊಳ್ಳುವುದು. ಅಲ್ಲಿಗೆ ಯಾವ ನಾಳವೂ ಹೋಗಲಾರದು.

ಆದುದರಿಂದ ಕಟ್ಟುವಾಗಲೇ ಎಚ್ಚರವಹಿಸುವುದು ಮೇಲು. ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಕಲ್ಲಿದ್ದಲಿನ ಹಾರುಬೂದಿಯನ್ನಾಗಲಿ ಕಬ್ಬಿಣದ ಕುಲುಮೆಯ ಕಿಟ್ಟವನ್ನಾಗಲಿ ಬೆರೆಸಿದರೆ, ಅವು ಬಿಡಿಯಾಗಿ ಉಳಿಯುವ ಸುಣ್ಣವನ್ನು ಹಿಡಿದುಕೊಂಡು ಗಟ್ಟಿಯಾಗುವುವು. ತೊಳೆದುಹೋಗಲು ಸುಣ್ಣವೇ ಕಡಿಮೆಯಾಗುವುದು. ಬೇಗ ಬಿಗಿಯಲು ಹಾಕುತ್ತಿದ್ದ ಕ್ಷಾರಗಳ ಬದಲು ಕ್ಷಾರವಿಲ್ಲದ ಪದಾರ್ಥಗಳು ೧೯೯೦ರ ದಶಕದಿಂದ ಬಳಕೆಗೆ ಬಂದಿವೆ. ಕೊಳವೆಯ ಸುತ್ತಣ ಜಲ್ಲಿಯಲ್ಲಿ ಸುಣ್ಣಕಲ್ಲಿನ ಚೂರು ಇರಬಾರದು. ಒಳಮೈ ನುಣುಪಾಗಿರಬೇಕು, ಇಳಿಜಾರು ಸಮನಾಗಿರಬೇಕು, ನೀರು ಬೀಳುವ ಎತ್ತರವು ಅತ್ಯಲ್ಪವಾಗಿರಬೇಕು. ಇವೆಲ್ಲ ಅಪೂರ್ವವಾದ ಸಲಹೆಗಳಲ್ಲ. ಆದರೂ ಇವನ್ನು ಬಿಟ್ಟುಬಿಡುವುದು ಏಕೆಂದು ಯೋಚಿಸಿದರೆ, ಕಟ್ಟುವ ವೆಚ್ಚವು ಒಂದು ಖಾತೆಯಲ್ಲಿಯೂ ತೊಳೆಯುವ ವೆಚ್ಚವು ಇನ್ನೊಂದು ಖಾತೆಯಲ್ಲಿಯೂ ಬರೆಯಲ್ಪಡುವುದೇ ಕಾರಣವೆಂದು ನನಗೆ ತೋರುವುದು. ಕಟ್ಟುವವನು ಉಳಿಸಿದ ಹಣವನ್ನು ತೊಳೆಯುವವನು ನೂರು ವರ್ಷ ತೀರಿಸಬೇಕು.

ಗಾಳಿಯನ್ನು ದೂರವಿಡುವುದು ಇನ್ನೊಂದು ಉಪಾಯ. ಕೊಳವೆಯ ಕೊನೆಯನ್ನು ಮೇಲಕ್ಕೆ ಬಗ್ಗಿಸಿ, ಕೊಳವೆಯು ಯಾವಾಗಲೂ ನೀರಿನಿಂದ ತುಂಬಿರುವಂತೆ ಮಾಡಿದರೆ, ಗೋಲಿಸೋಡದ ಬಾಟಲಿಗೆ ಮತ್ತೆ ಗೋಲಿಯನ್ನಿಟ್ಟಂತಾಗುವುದು. ಒಳಗಿನ ವಾಯುವು ಹೊರಡದು, ಹೊರಗಿನ ವಾಯುವು ಒಳಬಾರದು. ಗಡಸು ನೀರೂ ಸಿಮೆಂಟಿನ ನೀರೂ ಕೊಳವೆಯೊಳಗೇ ಬೆರೆಯುವುದನ್ನು ಮಾತ್ರ ಇದು ತಡೆಯಲಾರದು.

ಕಡೆಯ ಉಪಾಯವು ರಸಾಯನಶಾಸ್ತ್ರದ್ದು. ಸುಣ್ಣದ ಹರಳು ಬೆಳೆಯಬೇಕಾದರೆ ಅದರ ಅಂಚಿನಲ್ಲಿರುವ ಕೆಲವು ಬಿಂದುಗಳಲ್ಲಿ ಹೊಸ ಕಣಗಳು ಬಂದು ಕೂರಬೇಕು. ಆ ಬಿಂದುಗಳನ್ನು ಬೇರೆ ಯಾವುದಾದರೂ ವಸ್ತುವು ಆಕ್ರಮಿಸಿಕೊಂಡರೆ ಹರಳು ಬೆಳೆಯದು; ಬೆಳೆದರೂ ವಿಕಾರವಾಗಿ, ಒಂದಕ್ಕೊಂದು ಹಿಡಿಯದೆ, ಪುಡಿಯಾಗಿ ನೀರಿನೊಡನೆ ಹೋಗುವುದು. ಇಂತಹ ವಸ್ತುಗಳಲ್ಲಿ ಪಾಲಿ ಆಸ್ಪಾರ್ಟಿಕ್ ಆಮ್ಲವೆಂಬುದು ಸುರಂಗಗಳಲ್ಲಿ ಬಳಕೆಗೆ ಬಂದಿದೆ. ಅದರ ಮೂಲವಾದ ಆಸ್ಪಾರ್ಟಿಕ್ ಆಮ್ಲದ ಹೆಸರು ಆಸ್ಪರಾಗಸ್ ಎಂಬ ಗಿಡದಿಂದ ಬಂದುದು. ನಮ್ಮ ಶತಾವರಿಯು ಅದೇ ಜಾತಿಗೆ ಸೇರಿದೆ. ಸಮುದ್ರದ ಚಿಪ್ಪಿನ ಪ್ರಾಣಿಗಳು ತಮ್ಮ ಚಿಪ್ಪಿನ ಸುಣ್ಣದ ಹರಳುಗಳು ಎಲ್ಲಿ, ಯಾವ ಆಕಾರದಲ್ಲಿ ಬೆಳೆಯಬೇಕೆಂಬುದನ್ನು ನಿಯಮಿಸುವುದೂ ಈ ಆಮ್ಲವು ಹೇರಳವಾಗಿರುವ ಪ್ರೋಟೀನುಗಳಿಂದಲೇ. ಅದು ಮಣ್ಣಿನ ಜೀವಿಗಳಿಂದ ಕೊಳೆತುಹೋಗುವ ಪದಾರ್ಥವಾದುದರಿಂದ ಹೊಳೆಯ ಮೀನುಗಳಿಗೆ ಅಷ್ಟಾಗಿ ಬಾಧಕವಲ್ಲ. ನೀರು ಹೆಚ್ಚಾಗಿರುವ ಕಡೆ ಅದನ್ನು ದ್ರವವಾಗಿ ಯಂತ್ರದಿಂದ ತೊಟ್ಟುತೊಟ್ಟಾಗಿ ಬಿಡುವರು. ಕಡಿಮೆಯಿರುವ ಕಡೆ ಬಿಲ್ಲೆಗಳಾಗಿ ಮಾಡಿ ಗುಂಡಿಗಳಲ್ಲಿಯೂ ಕೊಳವೆಗಳಲ್ಲಿಯೂ ಇಡುವರು. ಬಿಲ್ಲೆಯು ಕರಗುತ್ತ ಕೆಲವು ತಿಂಗಳು ಕೆಲಸ ಮಾಡುವುದು. ಆಗಲೇ ಕೂತಿರುವ ಗಟ್ಟಿಕಲ್ಲನ್ನು ಅದು ತೆಗೆಯಲಾರದು, ಆದುದರಿಂದ ಮೊದಲು ಕೊಳವೆಯನ್ನು ತೊಳೆದು ಆಮೇಲೆ ಬಿಲ್ಲೆಯನ್ನಿಡಬೇಕು. ಅದು ಕರಗಿ ಮುಗಿಯುವುದಕ್ಕೆ ಮುಂಚೆ ಒಬ್ಬನು ದೀಪವನ್ನು ಹಿಡಿದು ಅದೇ ಗುಂಡಿಗೆ ಇನ್ನೊಂದು ಬಿಲ್ಲೆಯೊಡನೆ ಬರಬೇಕು.